ತಪಸ್ಸುಕಾಲದ ಕೆಲಸದ ಡೈರಿ: ಹದಿನಾಲ್ಕು ಸ್ಥಳ, ಇಪ್ಪತ್ತಾರು ಮಕ್ಕಳು

ಬೂದಿ ಬುಧವಾರಕ್ಕೆ ಹತ್ತು ದಿನ ಬಾಕಿ

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸದ ಕಾಲವೇ ತಪಸ್ಸುಕಾಲ, ಅದು ಶುರುವಾಗುವುದು ಬೂದಿ ಬುಧವಾರ. ಪ್ರತಿ ತಪಸ್ಸುಕಾಲದಲ್ಲೂ ನಮ್ಮ ಚರ್ಚಿನ ಧರ್ಮೋಪದೇಶ ತರಗತಿಯಲ್ಲಿ ಒಂದು ರಸಪ್ರಶ್ನೆ, ಒಂದು ಚಿತ್ರ ಸ್ಪರ್ಧೆ ನಡೆಸಿ ಕೈ ತೊಳೆದುಕೊಳ್ಳುತ್ತೇವೆ. ಗೆದ್ದವರು ಬಹುಮಾನ ತಗೊಂಡು ಹೋಗುತ್ತಾರೆ. ಉಳಿದವರಿಗೆ ಒಂದೇ ವಾರದಲ್ಲಿ ಎಲ್ಲ ಮರೆತುಹೋಗುತ್ತದೆ. ಈ ಸಲ ಬೇರೆ ಏನಾದರೂ ಮಾಡೋಣ ಅಂತ ಫಾದರ್ ಹತ್ತಿರ ಕೇಳಿದೆ. "ಮಾಡಿ. ಆದರೆ ಶುಕ್ರವಾರದ ಶಿಲುಬೆ ಹಾದಿಗೆ ಉಪಯೋಗ ಆಗುವ ಹಾಗೆ ಇರಲಿ" ಅಂದರು.

ಶಿಲುಬೆ ಹಾದಿ ಅಂದರೆ ಯೇಸುವಿಗೆ ಮರಣದಂಡನೆ ಆದಾಗಿನಿಂದ ಸಮಾಧಿಯವರೆಗಿನ ಹದಿನಾಲ್ಕು ಘಟನೆಗಳ ಮುಂದೆ ನಿಂತು ಪ್ರಾರ್ಥಿಸುತ್ತಾ ಸಾಗುವುದು. ಒಂದೊಂದು ಘಟನೆಗೂ 'ಸ್ಥಳ' ಅನ್ನುತ್ತೇವೆ. ಹಾಗಾಗಿ ಇದು ಯೋಜನೆ. ಹದಿನಾಲ್ಕು ರಟ್ಟಿನ ಪೆಟ್ಟಿಗೆ. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ, ನಾಲ್ಕು ಇಂಚು ಆಳ. ಮುಂದೆ ಬಟರ್ ಪೇಪರ್, ಅದರ ಮೇಲೆ ಕಪ್ಪು ಚಾರ್ಟಿನಲ್ಲಿ ಕತ್ತರಿಸಿದ ಆಕೃತಿಗಳು, ಒಳಗೆ ದೀಪ. ಚರ್ಚಿನೊಳಗಿನ ದೀಪ ಆರಿಸಿದರೆ ಒಂದೊಂದು ಸ್ಥಳವೂ ನೆರಳಿನ ಚಿತ್ರದ ಹಾಗೆ ಹೊಳೆಯಬೇಕು. ಒಂದು ಸ್ಥಳಕ್ಕೆ ಇಬ್ಬರು ಮಕ್ಕಳು. ಆಕೃತಿ ಕತ್ತರಿಸುವುದು ಅವರೇ, ಬೈಬಲಿನಲ್ಲಿ ಆ ಘಟನೆ ಎಲ್ಲಿದೆ ಅಂತ ಹುಡುಕುವುದು ಅವರೇ, ನಾಲ್ಕು ಸಾಲಿನ ಪ್ರಾರ್ಥನೆ ಬರೆಯುವುದೂ ಅವರೇ. ಮಕ್ಕಳು ಇಪ್ಪತ್ತಾರು. ಹದಿಮೂರು ಜೋಡಿ. ಹದಿನಾಲ್ಕನೇ ಸ್ಥಳ ನನ್ನ ತಲೆಗೆ ಬಿತ್ತು.

ಮಂಗಳವಾರ, ಬೂದಿಯ ಕೆಲಸ

ಹೋದ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಮನೆಗೆ ಒಯ್ದ ಗರಿಗಳನ್ನು ಎಲ್ಲರೂ ವಾಪಸ್ ತಂದರು. ಅವನ್ನೇ ಸುಟ್ಟು, ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುವುದು. ಸಾಮಾನ್ಯವಾಗಿ ಇದನ್ನು ಯಾರೋ ಹಿಂದೆ ನಿಂತು ಮಾಡಿಬಿಡುತ್ತಾರೆ. ಈ ಸಲ ಮಕ್ಕಳನ್ನು ದೂರದಲ್ಲಿ ಕೂರಿಸಿ ತೋರಿಸಿದೆವು.

ಒಣಗಿದ ಗರಿ ಭಗ್ಗನೆ ಉರಿಯುತ್ತದೆ. ಒಂದು ದೊಡ್ಡ ಹೊರೆ ಗರಿಗೆ ಸಿಕ್ಕಿದ್ದು ಒಂದು ಬೊಗಸೆ ಬೂದಿ, ಅದೂ ಅರೆಬೆಂದ ಚೂರುಗಳ ಜೊತೆ. ತೆಳು ಬಟ್ಟೆಯಲ್ಲಿ ಸೋಸಿದ ಮೇಲೆ ಅರ್ಧ ಬೊಗಸೆ. ಒಂದು ಮಾತು ಇಲ್ಲಿ ಹೇಳಲೇಬೇಕು: ಬೂದಿಗೆ ನೀರು ಕಲಸಿ ಹಚ್ಚಬೇಡಿ. ನೀರು ಸೇರಿದರೆ ಬೂದಿ ಕ್ಷಾರ ಆಗುತ್ತದೆ, ಚರ್ಮ ಸುಡುತ್ತದೆ. ಒಣ ಬೂದಿಯನ್ನೇ ಬಳಸಿ, ಅಂಟಬೇಕು ಅಂದರೆ ಒಂದೆರಡು ಹನಿ ಎಣ್ಣೆ ಸಾಕು.

ಇನ್ನೊಂದು ಕೆಲಸವೂ ಅವತ್ತೇ ಆಯಿತು. ಬುಧವಾರದಿಂದ ಈಸ್ಟರ್ ಜಾಗರಣೆಯವರೆಗೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆ) ಪೂಜೆಯಲ್ಲಿ ಅಲ್ಲೆಲೂಯ, ಅಂದರೆ 'ದೇವರನ್ನು ಸ್ತುತಿಸಿ' ಅನ್ನುವ ಸಂತೋಷದ ಘೋಷ, ಹಾಡುವಂತಿಲ್ಲ. ನೇರಳೆ ಬಟ್ಟೆಯ ಪಟ್ಟಿಯ ಮೇಲೆ ಮಕ್ಕಳು 'ಅಲ್ಲೆಲೂಯ' ಅಂತ ಬರೆದು, ತಗಡಿನ ಡಬ್ಬದಲ್ಲಿ ಮುಚ್ಚಿ, "ಈಸ್ಟರ್‌ಗೆ ಸಿಗೋಣ" ಅಂತ ಹೇಳಿ ಬೀಳ್ಕೊಟ್ಟರು. ಅಲ್ಲೆಲೂಯವನ್ನು ಹೀಗೆ ಹೂತಿಡುವುದು ಮಧ್ಯಯುಗದ ಯುರೋಪಿನ ಚರ್ಚುಗಳಲ್ಲೂ ಇತ್ತು. ಡಬ್ಬವನ್ನು ನಾನೇ ಜೋಪಾನವಾಗಿ ಎತ್ತಿಟ್ಟೆ. ಇದನ್ನು ನೆನಪಿಡಿ.

ಮೊದಲನೇ ವಾರ

ಮೊದಲ ಪೆಟ್ಟು ನನಗೇ. ಗೋಡೆಗೆ ಹಾಕಲು ನಲವತ್ತು ಮನೆಗಳ ಒಂದು ಪಟ ಬರೆದಿದ್ದೆ. ದಿನಕ್ಕೊಂದು ಮನೆಗೆ ಬಣ್ಣ ತುಂಬುವುದು. ಮಕ್ಕಳು ಕ್ಯಾಲೆಂಡರ್ ಹಿಡಿದು ಎಣಿಸತೊಡಗಿದರು. ಒಬ್ಬ ಹುಡುಗ ಮೂರು ಸಲ ಎಣಿಸಿ, "ಟೀಚರ್, ನಲವತ್ತಾರು ಬರ್ತಿದೆ. ನಿಮ್ಮ ಪಟದಲ್ಲಿ ಆರು ದಿನ ಕಡಿಮೆ" ಅಂದ.

ಅವನ ಲೆಕ್ಕ ಸರಿ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಪವಿತ್ರ ಶನಿವಾರದವರೆಗೆ 46 ದಿನ. ಅದರಲ್ಲಿ ಆರು ಭಾನುವಾರ. ಭಾನುವಾರ ಯಾವತ್ತೂ ಪುನರುತ್ಥಾನದ ದಿನ, ಹಾಗಾಗಿ ಉಪವಾಸದ ಲೆಕ್ಕಕ್ಕೆ ಇಲ್ಲ. ಕಳೆದರೆ 40. ನನಗೆ ಗೊತ್ತಿದ್ದ ವಿಷಯವೇ, ಆದರೆ ಪಟ ಬರೆಯುವಾಗ ಹೊಳೆಯಲಿಲ್ಲ. ಮನೆಗಳ ಸಾಲಿನ ಹೊರಗೆ ಆರು ಸೂರ್ಯನನ್ನು ಬರೆದು ಅಂಟಿಸಿದೆವು. ಈಗ ಪಟ ಮೊದಲಿಗಿಂತ ಚೆನ್ನಾಗಿದೆ.

ಚೀಟಿ ಎತ್ತಿ ಸ್ಥಳಗಳನ್ನು ಹಂಚಿದೆವು. ಎಲ್ಲರಿಗೂ ಹನ್ನೆರಡನೇದು, ಯೇಸು ಶಿಲುಬೆಯಲ್ಲಿ ಸಾಯುವ ಸ್ಥಳ, ಬೇಕು. ಏಳನೇದು ಯಾರಿಗೂ ಬೇಡ. "ಎರಡನೇ ಸಲ ಬೀಳೋದು ಮೊದಲನೇ ಸಲ ಬಿದ್ದ ಹಾಗೇ ಅಲ್ವಾ?" ಪ್ರಶ್ನೆ ನ್ಯಾಯವಾದದ್ದೇ. ಮೂರು, ಏಳು, ಒಂಬತ್ತು, ಮೂರರಲ್ಲೂ ಯೇಸು ಬೀಳುತ್ತಾರೆ. ನೆರಳಿನಲ್ಲಿ ಮುಖ ಕಾಣುವುದಿಲ್ಲ, ಹಾಗಾದರೆ ವ್ಯತ್ಯಾಸ ತೋರಿಸುವುದು ಹೇಗೆ? ಆ ಮೂರು ಜೋಡಿಗಳಿಗೆ "ನೀವೇ ಬಿದ್ದು ನೋಡಿ" ಅಂದೆ. ಒಂದು ಬೆಂಚಿನ ಹಲಗೆ ಹೊತ್ತುಕೊಂಡು ಅಂಗಳದಲ್ಲಿ ಅರ್ಧ ಗಂಟೆ ಬಿದ್ದರು, ಎದ್ದರು, ನಕ್ಕರು, ಆಮೇಲೆ ನಗು ನಿಂತಿತು. ತೀರ್ಮಾನ ಹೀಗಾಯಿತು. ಮೊದಲನೇ ಸಲ ಒಂದು ಮೊಣಕಾಲು ಮಾತ್ರ ನೆಲಕ್ಕೆ, ತಲೆ ಎತ್ತಿಯೇ ಇದೆ. ಎರಡನೇ ಸಲ ಎರಡೂ ಮೊಣಕಾಲು, ಒಂದು ಕೈ ನೆಲಕ್ಕೆ. ಮೂರನೇ ಸಲ ಪೂರ್ತಿ ಬೋರಲು, ಶಿಲುಬೆ ಬೆನ್ನ ಮೇಲೆ.

ಉಪವಾಸದ ಬಗ್ಗೆಯೂ ಕೇಳಿದರು. ನಿಯಮ ಇರುವುದು ಹದಿನೆಂಟು ತುಂಬಿದವರಿಂದ 59ರ ವಯಸ್ಸಿನವರೆಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಮಾಂಸ ಬಿಡುವ ನಿಯಮ ಹದಿನಾಲ್ಕು ತುಂಬಿದ ಮೇಲೆ. ತಮಗೆ ಅನ್ವಯಿಸುವುದಿಲ್ಲ ಅಂತ ಗೊತ್ತಾದಾಗ ಕೆಲವರಿಗೆ ಬೇಜಾರೇ ಆಯಿತು!

ಮುಗಿದದ್ದು: 0.

ಎರಡನೇ ವಾರ

ಈ ವಾರ ಬೈಬಲ್ ಹುಡುಕಾಟ. ಮರಣದಂಡನೆ ಕೊಟ್ಟ ಪಿಲಾತ ಸಿಕ್ಕಿದ, ಶಿಲುಬೆ ಹೊರಲು ನೆರವಾದ ಸಿರೇನಿನ ಸಿಮೋನ ಸಿಕ್ಕಿದ, ಅಳುವ ಜೆರುಸಲೇಮಿನ ಮಹಿಳೆಯರು ಲೂಕನ 23ನೇ ಅಧ್ಯಾಯದಲ್ಲಿ ಸಿಕ್ಕಿದರು. ಆರನೇ ಸ್ಥಳದ ಹುಡುಗಿಯರಿಬ್ಬರು ಮಾತ್ರ ಯೇಸುವಿನ ಬದುಕನ್ನು ಹೇಳುವ ನಾಲ್ಕೂ ಶುಭಸಂದೇಶ ಪುಸ್ತಕ ತಿರುವಿ ಹಾಕಿ ಸಪ್ಪೆ ಮುಖ ಮಾಡಿಕೊಂಡು ಬಂದರು. "ವೆರೋನಿಕ ಎಲ್ಲೂ ಇಲ್ಲ."

ಇಲ್ಲ, ನಿಜ. ಯೇಸುವಿನ ಮುಖವನ್ನು ಬಟ್ಟೆಯಿಂದ ಒರೆಸಿದ ವೆರೋನಿಕ ಬೈಬಲಿನಲ್ಲಿ ಇಲ್ಲ, ಸಂಪ್ರದಾಯದಲ್ಲಿ ಇದ್ದಾಳೆ. ಮೂರು ಸಲ ಬೀಳುವುದೂ ಬರೆದಿಲ್ಲ. ದಾರಿಯಲ್ಲಿ ತಾಯಿ ಎದುರಾಗುವುದೂ ಬರೆದಿಲ್ಲ. ಹೀಗೆ ಒಟ್ಟು ಐದು ಸ್ಥಳಗಳಿಗೆ ನೇರವಾದ ವಚನ ಇಲ್ಲ. ಹದಿನಾಲ್ಕು ಅನ್ನುವ ಸಂಖ್ಯೆಯೂ ಮೊದಲಿನಿಂದ ಇದ್ದದ್ದಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ಲೆಕ್ಕ ಇತ್ತು, 1731ರಲ್ಲಿ ಹನ್ನೆರಡನೇ ಕ್ಲೆಮೆಂಟ್ ಪೋಪ್ ಅದನ್ನು ಹದಿನಾಲ್ಕಕ್ಕೆ ನಿಲ್ಲಿಸಿದರು. 1991ರ ಶುಭ ಶುಕ್ರವಾರ ಎರಡನೇ ಜಾನ್ ಪಾಲ್ ಪೋಪ್ ರೋಮಿನ ಕೊಲೋಸಿಯಂನಲ್ಲಿ ನಡೆಸಿದ ಶಿಲುಬೆ ಹಾದಿಯಲ್ಲಿ ಎಲ್ಲ ಸ್ಥಳಗಳನ್ನೂ ಬೈಬಲಿನಿಂದಲೇ ಆರಿಸಿಕೊಂಡಿದ್ದರು.

ಇದನ್ನೆಲ್ಲ ಹೇಳಬೇಕಾ, ಮಕ್ಕಳಿಗೆ ಗೊಂದಲ ಆಗುವುದಿಲ್ಲವಾ ಅಂತ ಒಬ್ಬ ಪೋಷಕರು ಕೇಳಿದರು. ಹೇಳಬೇಕು ಅಂತಲೇ ನನ್ನ ಅಭಿಪ್ರಾಯ. ಹುಡುಕಿದವರಿಗೆ ಸುಳ್ಳು ಹೇಳಲು ಆಗುತ್ತದಾ? ಆರನೇ ಸ್ಥಳದವರು ವಚನದ ಜಾಗದಲ್ಲಿ ಏನು ಬರೆದರು ಗೊತ್ತಾ? "ಇದು ಪುಸ್ತಕದಲ್ಲಿ ಇಲ್ಲ. ಆದರೆ ಅಷ್ಟು ಜನರಲ್ಲಿ ಒಬ್ಬರಾದರೂ ಬಟ್ಟೆ ಕೊಟ್ಟಿರಬೇಕು." ನಾನು ಒಂದಕ್ಷರ ತಿದ್ದಲಿಲ್ಲ.

ಫಾದರ್ ಇನ್ನೊಂದು ವಿಷಯ ನೆನಪಿಸಿದರು. ಶಿಲುಬೆ ಹಾದಿಗೆ ಚಿತ್ರ ಮುಖ್ಯ ಅಲ್ಲ, ಹದಿನಾಲ್ಕು ಶಿಲುಬೆ ಇರಬೇಕು, ಮರದ್ದಾದರೆ ಸರಿ. ಚಿತ್ರ ಆಮೇಲೆ ಸೇರಿದ್ದು. ಸರಿ, ಮರದ ಪಟ್ಟಿ ಕೊಯ್ದು ಅಂಗೈ ಅಗಲದ ಹದಿನಾಲ್ಕು ಶಿಲುಬೆ ಮಾಡಿ ಮೊದಲು ಅವನ್ನೇ ಗೋಡೆಗೆ ಹೊಡೆದೆವು. ಪೆಟ್ಟಿಗೆಗಳು ಅವುಗಳ ಕೆಳಗೆ.

ಮುಗಿದದ್ದು: 3 (ಒಂದು, ಎರಡು, ಹನ್ನೊಂದು).

ಮೂರನೇ ವಾರ

ಐದನೇ ಸ್ಥಳ ಕೈಕೊಟ್ಟಿತು. ಸಿಮೋನ ಶಿಲುಬೆ ಹೊರಲು ನೆರವಾಗುವ ದೃಶ್ಯ. ಕಾಗದದ ಮೇಲೆ ಅದ್ಭುತವಾಗಿ ಬರೆದಿದ್ದರು. ಕತ್ತರಿಸಿ ದೀಪ ಹಾಕಿದರೆ ಇಬ್ಬರೂ ಸೇರಿ ಒಂದು ಕಪ್ಪು ಮುದ್ದೆ. ಎರಡು ತಲೆ, ನಾಲ್ಕು ಕಾಲಿನ ಪ್ರಾಣಿಯ ಹಾಗೆ ಕಂಡಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಬರೆದವರು ಅಳುವುದೊಂದು ಬಾಕಿ.

ಇದರಿಂದ ಎರಡು ಪಾಠ ಕಲಿತೆವು. ಆಕೃತಿಗಳು ಪಕ್ಕದಿಂದ ಕಾಣುವ ಹಾಗೆ ಇರಬೇಕು, ಎದುರಿಂದ ಬರೆದರೆ ನೆರಳಿನಲ್ಲಿ ಮೂಗೂ ಇಲ್ಲ ಕೈಯೂ ಇಲ್ಲ. ಮತ್ತೆ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಬೆರಳು ಅಗಲ ಬೆಳಕು ಬಿಡಬೇಕು. ಸಿಮೋನನನ್ನು ಹಿಂದಕ್ಕೆ ಸರಿಸಿ, ಅವನ ಕೈಯನ್ನು ಮೈಯಿಂದ ದೂರ ಚಾಚಿದ ಮೇಲೆ ಸರಿಹೋಯಿತು.

ಬಟರ್ ಪೇಪರಿಗೆ ಗೋಂದು ಹಚ್ಚಿದರೆ ಸುಕ್ಕಾಗುತ್ತದೆ. ಎರಡೂ ಬದಿ ಅಂಟುವ ಟೇಪೇ ಸರಿ. ಸುಕ್ಕಾದ ನಾಲ್ಕು ಹಾಳೆ ಕಿತ್ತೆಸೆದ ಮೇಲೆ ತಿಳಿಯಿತು.

ಬುಧವಾರದ ದೊಡ್ಡವರ ಗುಂಪಿನ ಬಗ್ಗೆಯೂ ಬರೆಯಬೇಕು. ಮುಂದಿನ ಭಾನುವಾರದ ಶುಭಸಂದೇಶವನ್ನು ನಿಧಾನವಾಗಿ ಓದುವುದಷ್ಟೇ ಅಲ್ಲಿ ಕೆಲಸ. 12ನೇ ಶತಮಾನದಲ್ಲಿ ಗೀಗೋ ಅನ್ನುವ ಸನ್ಯಾಸಿ ಬರೆದಿಟ್ಟ ನಾಲ್ಕು ಮೆಟ್ಟಿಲು: ಓದು, ಮೆಲುಕು, ಪ್ರಾರ್ಥನೆ, ಕೊನೆಗೆ ಸುಮ್ನೆ ಕೂರುವುದು. ನಾಲ್ಕನೇ ಮೆಟ್ಟಿಲು ಬಂದಾಗ ಜನ ಚಡಪಡಿಸುತ್ತಾರೆ. ಐದು ನಿಮಿಷ ಸುಮ್ಮನಿರುವುದು ಇಷ್ಟು ಕಷ್ಟ ಅಂತ ನನಗೂ ಗೊತ್ತಿರಲಿಲ್ಲ. ಮೊದಲ ವಾರ ಹನ್ನೊಂದು ಜನ ಬಂದಿದ್ದರು, ಎರಡನೇ ವಾರ ಏಳು, ಈಗ ಒಂಬತ್ತು.

ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಕ್ಕೊಂದು ಸುತ್ತು, ಈ ವರ್ಷ ಅದರಲ್ಲಿ ಮೊದಲನೇದು. ಹಾಗಾಗಿ ಯೊವಾನ್ನನ ಶುಭಸಂದೇಶದ ಮೂರು ದೊಡ್ಡ ಕತೆಗಳು ಸಿಕ್ಕಿವೆ: ಬಾವಿಯ ಹತ್ತಿರದ ಸಮಾರಿಯದ ಮಹಿಳೆ, ಹುಟ್ಟು ಕುರುಡ, ಸತ್ತು ಎದ್ದ ಲಾಜರ. ಬಾವಿಯ ಕತೆ ಓದುವಾಗ ಗುಂಪಿನ ಒಬ್ಬ ಅಜ್ಜಿ ಬೆರಳಿಟ್ಟು ತೋರಿಸಿದರು. ಆ ಹೆಂಗಸು ಯೇಸುವನ್ನು ಮೊದಲು 'ಯೆಹೂದ್ಯ' ಅನ್ನುತ್ತಾಳೆ. ಆಮೇಲೆ 'ಅಯ್ಯಾ'. ಆಮೇಲೆ 'ಪ್ರವಾದಿ'. ಕೊನೆಗೆ ಕೊಡ ಬಿಟ್ಟು ಊರಿಗೆ ಓಡಿ, ಇವರೇ ಆ ಅಭಿಷಿಕ್ತ, ಅಂದರೆ ಕ್ರಿಸ್ತ, ಇರಬಹುದಾ ಅಂತ ಕೇಳುತ್ತಾಳೆ. ಎಷ್ಟು ಸಲ ಓದಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮುಗಿದದ್ದು: 6.

ನಾಲ್ಕನೇ ವಾರ

ಭಾನುವಾರ ಫಾದರ್ ಗುಲಾಬಿ ಬಣ್ಣದ ಉಡುಪಿನಲ್ಲಿ ಬಂದಾಗ ಚಿಕ್ಕವರ ಸಾಲಿನಲ್ಲಿ ಗುಸುಗುಸು. ಅರ್ಧ ದಾರಿ ದಾಟಿದ ಖುಷಿಗೆ ಅವತ್ತು ನೇರಳೆ ಬದಲು ಗುಲಾಬಿ. ಹುಟ್ಟು ಕುರುಡನ ಕತೆ 41 ವಚನ, ಪಾತ್ರ ಹಂಚಿಕೊಂಡು ಓದಿದೆವು. ಅಜ್ಜಿಯ ಉಪಾಯ ಇಲ್ಲೂ ನಡೆಯಿತು. ಅವನೂ 'ಆ ಮನುಷ್ಯ' ಅಂತ ಶುರು ಮಾಡಿ 'ಪ್ರವಾದಿ' ಅಂದು ಕೊನೆಗೆ 'ಪ್ರಭು' ಅಂತ ಅಡ್ಡಬೀಳುತ್ತಾನೆ.

ದೀಪದ ಪ್ರಯೋಗ ಕೆಟ್ಟುಹೋಯಿತು. ಮಾಮೂಲಿ ಬಲ್ಬು ಹಾಕಿದ್ದೆವು. ಹತ್ತು ನಿಮಿಷಕ್ಕೆ ರಟ್ಟು ಬಿಸಿಯಾಗಿ ವಾಸನೆ ಬಂತು, ತಕ್ಷಣ ಆರಿಸಿದೆವು. ಮೊಂಬತ್ತಿಯಂತೂ ಬೇಡವೇ ಬೇಡ. ಎಲ್‌ಇಡಿ ಪಟ್ಟಿಯನ್ನು ಪೆಟ್ಟಿಗೆಯ ಒಳ ಅಂಚಿಗೆ ಸುತ್ತಲೂ ಅಂಟಿಸಿದ ಮೇಲೆ ಬಿಸಿಯೂ ಇಲ್ಲ, ನಡುವೆ ಬಲ್ಬಿನ ಬಿಳಿ ಚುಕ್ಕೆಯೂ ಇಲ್ಲ. ಮೂಲೆಗಳಿಂದ ಬೆಳಕು ಸೋರುತ್ತಿತ್ತು, ಕಪ್ಪು ಟೇಪು ಹಚ್ಚಿದೆವು.

ಮುಗಿದದ್ದು: 10.

ಐದನೇ ವಾರ

ಶಿಲುಬೆ, ಸ್ವರೂಪಗಳಿಗೆ (ಪ್ರತಿಮೆಗಳಿಗೆ) ನೇರಳೆ ಬಟ್ಟೆ ಮುಚ್ಚುವ ವಾರ. ಉತ್ಸಾಹಿ ಯುವಕರು ನಮ್ಮ ಪೆಟ್ಟಿಗೆಗಳನ್ನೂ ಮುಚ್ಚಿಬಿಟ್ಟಿದ್ದರು! ಶಿಲುಬೆ ಹಾದಿಯ ಸ್ಥಳಗಳನ್ನು ಮುಚ್ಚುವ ಪದ್ಧತಿ ಇಲ್ಲ. ಬಿಚ್ಚಿಸಿದೆವು.

ಹದಿನಾಲ್ಕನೇದು, ನನ್ನ ಪಾಲಿನದು, ಇನ್ನೂ ಬಾಕಿ ಇತ್ತು. ಮಕ್ಕಳು ದಿನಾ ಕೇಳುತ್ತಿದ್ದರು. ಗುರುವಾರ ರಾತ್ರಿ ಕೂತು ಮುಗಿಸಿದೆ: ಒಂದು ಗುಹೆ, ಉರುಳಿಸಿದ ಕಲ್ಲು, ಬಗ್ಗಿ ನಿಂತ ಮೂರು ಜನ. ಬೆರಳಗಲದ ಬೆಳಕು ಬಿಡಲು ನಾನೇ ಮರೆತೆ. ಮೂವರೂ ಸೇರಿ ಒಂದು ಬೆಟ್ಟದ ಹಾಗೆ ಕಾಣುತ್ತಾರೆ. ಐದನೇ ಸ್ಥಳದವರು ನೋಡಿ ಏನೂ ಹೇಳಲಿಲ್ಲ, ಮುಸಿಮುಸಿ ನಕ್ಕರು.

ಶುಕ್ರವಾರ ಸಂಜೆ ಹದಿನಾಲ್ಕೂ ಬೆಳಗಿದವು.

ಶುಭ ಶುಕ್ರವಾರ

ಅವತ್ತು ಬಲಿಪೂಜೆ ಇಲ್ಲ. ಪೀಠ ಬರಿದು. ಮಧ್ಯಾಹ್ನ ಮೂರಕ್ಕೆ ಯಾತನೆಯ ಸ್ಮರಣೆ, ರಾತ್ರಿ ಶಿಲುಬೆ ಹಾದಿ. ಎಂಟನೇ ಸ್ಥಳ ಮುಗಿಸಿ ಜನ ತಿರುಗುವಷ್ಟರಲ್ಲಿ ಧಪ್ ಅಂತ ಸದ್ದು. ಒಂಬತ್ತನೇ ಪೆಟ್ಟಿಗೆಯ ದಾರ ಕಡಿದು ನೆಲಕ್ಕೆ ಬಿದ್ದಿತ್ತು. ಮೂರನೇ ಸಲ ಬೀಳುವ ಸ್ಥಳವೇ. ದೀಪ ಆರಿತ್ತು, ಕಾಗದ ಹರಿದಿತ್ತು. ಗೋಡೆ ಮೇಲೆ ಆ ಅಂಗೈ ಅಗಲದ ಮರದ ಶಿಲುಬೆ ಮಾತ್ರ ಇತ್ತು.

ಯಾರೂ ನಗಲಿಲ್ಲ. ಅದನ್ನು ಮಾಡಿದ ಇಬ್ಬರೂ ಗುಂಪಿನಿಂದ ಹೊರಗೆ ಬಂದರು. ಒಬ್ಬ ಪೆಟ್ಟಿಗೆ ಎತ್ತಿ ತಲೆ ಮೇಲೆ ಹಿಡಿದ. ಇನ್ನೊಬ್ಬಳು ಕತ್ತಲಲ್ಲಿ, ಕಾಗದ ನೋಡದೆ, ತಾವು ಬರೆದ ನಾಲ್ಕು ಸಾಲನ್ನು ಹೇಳಿದಳು. ಜನ ಮುಂದಿನ ಸ್ಥಳಕ್ಕೆ ಹೋದರೂ ಅವನು ಕೈ ಇಳಿಸಲಿಲ್ಲ. ಹತ್ತನೇ ಸ್ಥಳದ ಪ್ರಾರ್ಥನೆ ಮುಗಿದ ಮೇಲೆ ನಾನೇ ಹೋಗಿ ಇಳಿಸಿದೆ. ತೋಳು ನಡುಗುತ್ತಿತ್ತು.

ಶನಿವಾರ ಮಧ್ಯಾಹ್ನ

ಪೆಟ್ಟಿಗೆಗಳನ್ನು ಬಿಚ್ಚಿ, ಎಲ್‌ಇಡಿ ಪಟ್ಟಿ ಸುತ್ತಿಟ್ಟೆವು. ಮರದ ಶಿಲುಬೆಗಳು ಗೋಡೆ ಮೇಲೇ ಇರಲಿ ಅಂದರು ಫಾದರ್.

ಈಗ ಅಲ್ಲೆಲೂಯದ ಡಬ್ಬ. ಜಾಗರಣೆಗೆ ಆರು ಗಂಟೆ ಇದೆ, ಡಬ್ಬ ಇಲ್ಲ. ಜೋಪಾನವಾಗಿ ಇಟ್ಟದ್ದು ನಿಜ, ಎಲ್ಲಿ ಅನ್ನುವುದು ಮಾತ್ರ ನೆನಪಿಲ್ಲ. ಪೂಜೆಯ ಸಾಮಾನು ಇಡುವ ಸ್ಯಾಕ್ರಿಸ್ಟಿ ಕೋಣೆಯ ಕಪಾಟು, ಕ್ರಿಸ್ಮಸ್ ಗೋದಲಿಯ ಸಾಮಾನು, ಗಾಯನ ತಂಡದ ಪೆಟ್ಟಿಗೆ, ಎಲ್ಲ ನೋಡಿ ಆಯಿತು. ಸಿಸ್ಟರ್ ಸುಮ್ಮನೆ ತಲೆ ಅಲ್ಲಾಡಿಸಿದರು. ಮಕ್ಕಳು ಉಳಿದ ಬಟರ್ ಪೇಪರ್ ಎಳೆದುಕೊಂಡು ನೆಲದ ಮೇಲೆ ಕೂತು ಹೊಸದಾಗಿ ಬರೆಯುತ್ತಿದ್ದಾರೆ. ಈ ಸಲ ಅಕ್ಷರಗಳ ನಡುವೆ ಒಂದೊಂದು ಬೆರಳು ಜಾಗ ಬಿಟ್ಟಿದ್ದಾರೆ.