ಬುಧವಾರ ಸಂಜೆ 6ಕ್ಕೆ, ಬಸವನಗುಡಿಯಲ್ಲಿ

ಬೆಂಗಳೂರಿನಲ್ಲಿದ್ದುಕೊಂಡು ವಿಜ್ಞಾನದ ಮಾತು ಕೇಳಬೇಕು ಅಂತ ಆಸೆಪಡುವವರು ಮೊದಲು ನೆನಪಿಡಬೇಕಾದದ್ದು ಒಂದು ವಾರ, ಒಂದು ಹೊತ್ತು: ಬುಧವಾರ, ಸಂಜೆ 6. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸ ನಡೆಯುವುದು ಆಗಲೇ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಸಂಸ್ಥೆ ಇದು. ಎಚ್ಚೆನ್ ಭೌತಶಾಸ್ತ್ರದ ಮೇಷ್ಟ್ರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಏನನ್ನೇ ಆಗಲಿ ಪ್ರಶ್ನೆ ಕೇಳಿಯೇ ಒಪ್ಪಿಕೊಳ್ಳಬೇಕು ಎಂದು ಜೀವನವಿಡೀ ಹೇಳಿದವರು. ಜುಲೈ ತಿಂಗಳಲ್ಲಿ ಇಲ್ಲಿ ವಿಜ್ಞಾನ ಉತ್ಸವ, ಆಗ ವಾರಕ್ಕೊಂದಲ್ಲ, ದಿನಾ ಉಪನ್ಯಾಸ. ಹಸಿರು ಮಾರ್ಗದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಹೊರಡುವ ಮುನ್ನ ಆ ವಾರದ ಪ್ರಕಟಣೆಯನ್ನೊಮ್ಮೆ ನೋಡಿಕೊಳ್ಳಿ, ರಜೆ ಬಂದರೆ ದಿನ ಬದಲಾಗಬಹುದು.

ಇದನ್ನೇ ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ. ವಿಜ್ಞಾನ ಕಾರ್ಯಕ್ರಮ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಓಪನ್ ಡೇ. ಅದು ಹಬ್ಬ, ಹೋಗಲೇಬೇಕು. ಆದರೆ ಹಬ್ಬದೂಟದಿಂದ ಮೈ ಹಿಡಿಯುವುದಿಲ್ಲ. ಚಿಕ್ಕ ಸಭಾಂಗಣದಲ್ಲಿ ಕೂತು, ಮಾತು ಮುಗಿದ ಮೇಲೆ ಕೈ ಎತ್ತಿ ಒಂದು ಪ್ರಶ್ನೆ ಕೇಳುವ ಹತ್ತು ಸಂಜೆಗಳು ಒಂದು ಓಪನ್ ಡೇಗಿಂತ ಹೆಚ್ಚು ಕಲಿಸುತ್ತವೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಊರಿಗೆ ಅದು ಹೊಸದೂ ಅಲ್ಲ. ಸಿ.ವಿ. ರಾಮನ್ ತಮ್ಮ ಶೋಧವನ್ನು ಪ್ರಕಟಿಸಿದ್ದು 1928ರ ಫೆಬ್ರವರಿ 28ರಂದು, ಕಲ್ಕತ್ತೆಯಲ್ಲಿ. ರಾಷ್ಟ್ರೀಯ ವಿಜ್ಞಾನ ದಿನ ಆವತ್ತು ಬರುವುದು ಆ ಕಾರಣಕ್ಕೇ. ಆದರೆ ಅದನ್ನು ಅವರು ವಿವರವಾಗಿ ಸಭೆಯ ಮುಂದಿಟ್ಟದ್ದು ಬೆಂಗಳೂರಿನಲ್ಲಿ, ಅದೇ ಮಾರ್ಚ್ 16ರ ಶುಕ್ರವಾರ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಉದ್ಘಾಟನೆಯ ದಿನ. ರಾಮನ್ ಇಲ್ಲಿಗೆ ಬಂದು ನೆಲೆಸಿದ್ದು ಅದಾಗಿ ಐದು ವರ್ಷದ ಮೇಲೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಗಾಂಧಿ ಸ್ಮಾರಕ ಉಪನ್ಯಾಸವೂ ಅವರೇ ಶುರುಮಾಡಿದ್ದು.

ಪ್ರಕಟಣೆ ಓದುವುದರಲ್ಲೇ ಅನೇಕರು ಎಡವುತ್ತಾರೆ. ಸಂಸ್ಥೆಗಳು ಮೂರು ಬಗೆಯ ಮಾತುಗಳನ್ನು ಏರ್ಪಡಿಸುತ್ತವೆ, ಮೂರಕ್ಕೂ ಹೆಸರು ಬೇರೆ. ಪಬ್ಲಿಕ್ ಲೆಕ್ಚರ್ ಅಂತಿದ್ದರೆ ಹೈಸ್ಕೂಲು ಮುಗಿಸಿದ ಯಾರಾದರೂ ಹೋಗಬಹುದು. ಕೊಲೊಕ್ವಿಯಂ ಅಂತಿದ್ದರೆ ಅದು ಒಂದು ವಿಭಾಗದ ಎಲ್ಲರಿಗಾಗಿ ಆಡುವ ಮಾತು: ಮೊದಲ 20 ನಿಮಿಷ ಎಂಥವರಿಗೂ ಹಿಡಿತಕ್ಕೆ ಸಿಗುತ್ತದೆ, ಆಮೇಲೆ ಕಷ್ಟ. ಬಿ.ಎಸ್ಸಿ. ಓದಿದವರಿಗೆ ಇದೇ ಹೆಚ್ಚು ಹೊಂದುತ್ತದೆ. ಸೆಮಿನಾರ್ ಅಂದರೆ ಅದೇ ವಿಷಯದಲ್ಲಿ ದುಡಿಯುವವರಿಗೆ. ‘ಕಪ್ಪುಕುಳಿ’ ಅಂತ ಶೀರ್ಷಿಕೆ ನೋಡಿ ಸೆಮಿನಾರಿಗೆ ಹೋಗಿ, ಒಂದು ಗಂಟೆ ಬರೀ ಸಮೀಕರಣ ನೋಡಿ, ಇದು ನಮ್ಮಂಥವರಿಗಲ್ಲ ಅಂತ ಕೈಬಿಟ್ಟವರು ಬಹಳ. ತಪ್ಪು ಅವರದಲ್ಲ, ಹೋದ ಕೋಣೆಯದು.

ಗೇಟಿನಲ್ಲಿ ಸೆಕ್ಯೂರಿಟಿಯವರು ಎಲ್ಲಿಗೆ ಅಂತ ಕೇಳಿದರೆ ‘ಲೆಕ್ಚರ್‌ಗೆ’ ಅಂದರೆ ಸಾಲದು. ಭಾಷಣಕಾರರ ಹೆಸರು, ಸಭಾಂಗಣದ ಹೆಸರು, ಹೊತ್ತು, ಇಷ್ಟನ್ನೂ ಪೋಸ್ಟರಿನ ಫೋಟೊ ಸಮೇತ ಫೋನಿನಲ್ಲಿ ಇಟ್ಟುಕೊಂಡಿರಿ. ಗುರುತಿನ ಚೀಟಿ ಜೊತೆಗಿರಲಿ. ರಿಜಿಸ್ಟರಿನಲ್ಲಿ ಬರೆದು, ಒಳಗೆ ನಡೆದು ಹೋಗುವುದಕ್ಕೆ 20 ನಿಮಿಷ ಹಿಡಿದುಕೊಳ್ಳಿ. ಜವಾಹರಲಾಲ್ ನೆಹರೂ ತಾರಾಲಯಕ್ಕೆ ಹೋಗುವವರು ಸೋಮವಾರ ರಜೆ ಅನ್ನುವುದನ್ನು ಮರೆಯಬೇಡಿ. ಅಲ್ಲಿನ ಪ್ರದರ್ಶನಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆಬೇರೆ ಹೊತ್ತಿಗೆ ನಡೆಯುತ್ತವೆ, ಟಿಕೆಟ್ ಕೊಳ್ಳುವಾಗ ಯಾವ ಭಾಷೆಯದು ಅಂತ ನೋಡಿ ಕೊಳ್ಳಿ. ಸೈದ್ಧಾಂತಿಕ ವಿಜ್ಞಾನದ ಸಂಶೋಧನಾ ಕೇಂದ್ರವಾದ ಐಸಿಟಿಎಸ್‌ನವರ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸ ಸಾಮಾನ್ಯವಾಗಿ ಭಾನುವಾರ. ಅದು ತಾರಾಲಯವೂ ಸೇರಿದಂತೆ ಜಾಗ ಬದಲಿಸುತ್ತಿರುತ್ತದೆ, ಹೋದ ಸಲದ ವಿಳಾಸ ನಂಬಿ ಹೊರಡಬೇಡಿ.

ಸಭೆಯಲ್ಲಿ ಕೂರುವುದು ಮೂರನೇ ಸಾಲಿನಲ್ಲಿ, ನಡುವಿನ ಓಣಿಯ ಪಕ್ಕ. ಅಲ್ಲಿಂದ ಗ್ರಾಫಿನ ಅಂಚಿನ ಅಕ್ಷರಗಳು ಕಾಣುತ್ತವೆ, ಮೈಕ್ ಬೇಗ ಕೈಗೆ ಸಿಗುತ್ತದೆ. ಸ್ಲೈಡಿನ ಮೂಲೆಯಲ್ಲಿ ಸಂಖ್ಯೆ ಇರುತ್ತದೆ. ಅರ್ಥವಾಗದ ಸ್ಲೈಡಿನ ಸಂಖ್ಯೆಯನ್ನಷ್ಟೇ ಗುರುತು ಹಾಕಿಕೊಳ್ಳಿ, ಪೂರ್ತಿ ಬರೆಯಲು ಹೋದರೆ ಮುಂದಿನ ಎರಡು ಸ್ಲೈಡು ತಪ್ಪಿಹೋಗುತ್ತವೆ. ಪ್ರಶ್ನೆ 20 ಸೆಕೆಂಡಿನಲ್ಲಿ ಮುಗಿಯಬೇಕು. ‘14ನೇ ಸ್ಲೈಡಿನ ಆ ಸಂಖ್ಯೆಯನ್ನು ಹೇಗೆ ಅಳೆದಿರಿ?’ ‘ಅದು ಎಷ್ಟರ ಮಟ್ಟಿಗೆ ತಪ್ಪಿರಬಹುದು?’ ‘ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪು ಅಂತ ಒಪ್ಪುತ್ತೀರಿ?’ ಈ ಮೂರರಲ್ಲಿ ಒಂದು ಯಾವ ಉಪನ್ಯಾಸಕ್ಕೂ ಹೊಂದುತ್ತದೆ. ವಿಜ್ಞಾನಿಗಳು ಮೈಚಳಿ ಬಿಟ್ಟು ಮಾತಾಡಲು ತೊಡಗುವುದೂ ಇಂಥ ಪ್ರಶ್ನೆಗೇ. ಕನ್ನಡದಲ್ಲೇ ಕೇಳಿ. ಭಾಷಣಕಾರರಿಗೆ ಬಾರದಿದ್ದರೆ ನಿರ್ವಾಹಕರೋ ಪಕ್ಕದವರೋ ಹೇಳಿಕೊಡುತ್ತಾರೆ.

ಕೇಳುವುದರ ಜೊತೆ ಕೈಯಾರೆ ಮಾಡಿ ನೋಡುವ ಒಂದು ದಿನವೂ ನಮ್ಮೂರಿಗಿದೆ, ಶೂನ್ಯ ನೆರಳಿನ ದಿನ. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಗೆ ಕೂದಲೆಳೆ ಕಡಿಮೆ. ಏಪ್ರಿಲ್ 24 ಅಥವಾ 25ರಂದು, ಮತ್ತೆ ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್‌ನಲ್ಲಿ ಹೊತ್ತು 12 ಗಂಟೆ 17–18 ನಿಮಿಷ, ಆಗಸ್ಟ್‌ನಲ್ಲಿ 12 ಗಂಟೆ 24 ನಿಮಿಷ. ಸರಿಯಾಗಿ 12ಕ್ಕೆ ಯಾಕಲ್ಲ ಅಂದರೆ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ನಾವಿರುವುದು 77.6ರಲ್ಲಿ. ಮಂಗಳೂರಿನದು ಹೆಚ್ಚುಕಡಿಮೆ ಅದೇ ಅಕ್ಷಾಂಶ, ಹಾಗಾಗಿ ಅಲ್ಲಿಯೂ ಅದೇ ದಿನ, ಆದರೆ 11 ನಿಮಿಷ ತಡ. ಹುಬ್ಬಳ್ಳಿಗೆ ಮೇ ಮೊದಲ ವಾರ, ಕಲಬುರಗಿಗೆ ಎರಡನೇ ವಾರ. ಆಗಸ್ಟ್‌ನಲ್ಲಿ ಮೋಡದ ಕಾಟ, ನಂಬಬೇಕಾದದ್ದು ಏಪ್ರಿಲ್ ಅನ್ನೇ.

ಬೇಕಾದದ್ದು ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು ಅಥವಾ ಪಿವಿಸಿ ಪೈಪು, ದಾರಕ್ಕೆ ಕಟ್ಟಿದ ಒಂದು ಕಬ್ಬಿಣದ ನಟ್ಟು, ಬಿಳಿ ಹಾಳೆ, ಸ್ಕೇಲು, ಸೆಕೆಂಡು ತೋರಿಸುವ ಗಡಿಯಾರ. ಶಾಲೆಗಳಲ್ಲಿ ಇದನ್ನು ಮಾಡುವಾಗ ‘ನೆರಳು ಪೂರ್ತಿ ಹೋಗಲೇ ಇಲ್ಲ ಸಾರ್’ ಅಂತ ಮಕ್ಕಳು ಬೇಜಾರಾಗುವುದುಂಟು. ಹತ್ತರಲ್ಲಿ ಎಂಟು ಸಲ ಕಾರಣ ತಾರಸಿ. ಮಳೆನೀರು ಹರಿದುಹೋಗಲಿ ಅಂತ ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಅದು 100ಕ್ಕೆ 1ರಷ್ಟಿದ್ದರೂ, ನೆಲಕ್ಕೆ ನೇರವಾಗಿ ನಿಲ್ಲಿಸಿದ ಒಂದು ಮೀಟರ್ ಕೋಲಿನ ತುದಿ 1 ಸೆಂ.ಮೀ. ವಾಲಿರುತ್ತದೆ, ನೆರಳೂ ಅಷ್ಟೇ ಹೊರಬರುತ್ತದೆ. ದಿನವನ್ನೇ ತಪ್ಪಿಸಿಕೊಂಡರೆ ಆಗುವ ತಪ್ಪು ಇದಕ್ಕಿಂತ ಕಡಿಮೆ: ಆ ದಿನಗಳಲ್ಲಿ ನಡುಹಗಲಿನ ಸೂರ್ಯ ಉತ್ತರ–ದಕ್ಷಿಣವಾಗಿ ದಿನಕ್ಕೆ ಸರಿಯುವುದು ಡಿಗ್ರಿಯ ಮೂರನೇ ಒಂದು ಭಾಗ, ಅಂದರೆ ಒಂದು ಮೀಟರ್ ಕೋಲಿಗೆ ಸುಮಾರು 6 ಮಿ.ಮೀ. ನೆರಳು. ಆದ್ದರಿಂದ ಕೋಲನ್ನು ನೆಲಕ್ಕೆ ಹೊಂದಿಸಬೇಡಿ, ದಾರಕ್ಕೆ ಹೊಂದಿಸಿ. ನಟ್ಟು ತೂಗುಬಿಟ್ಟ ದಾರದ ಪಕ್ಕ ಕೋಲನ್ನು ಎರಡು ದಿಕ್ಕಿನಿಂದ ನೋಡಿ, ಬುಡಕ್ಕೆ ರಟ್ಟಿನ ಚೂರು ಕೊಟ್ಟು ನೆಟ್ಟಗೆ ಮಾಡಿ.

ಹೊತ್ತೂ ಅಷ್ಟೇ ಮುಖ್ಯ. 4 ನಿಮಿಷ ತಡವಾದರೆ ಸೂರ್ಯ ಸುಮಾರು 1 ಡಿಗ್ರಿ ಪಶ್ಚಿಮಕ್ಕೆ ಸರಿದಿರುತ್ತಾನೆ, ನೆರಳು 1.7 ಸೆಂ.ಮೀ. ಪೂರ್ವಕ್ಕೆ ಚಾಚಿರುತ್ತದೆ. 12 ಗಂಟೆಯಿಂದಲೇ ಎರಡೆರಡು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕೆ ಇಡುತ್ತ ಬನ್ನಿ. ನೆರಳು ಪಶ್ಚಿಮದಿಂದ ಒಳಗೆ ಜಾರಿ, ಕೋಲಿನ ಬುಡದಲ್ಲಿ ಅಡಗಿ, ಪೂರ್ವದಲ್ಲಿ ಇಣುಕುತ್ತದೆ. ಆ ಅಡಗುವ ಗಳಿಗೆಯಲ್ಲೂ ಬುಡದ ಸುತ್ತ ಮಸುಕಾದ ಉಂಗುರದಂಥದ್ದು ಉಳಿಯುತ್ತದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಒಂದು ಮೀಟರ್ ಎತ್ತರದ ನೆರಳಿನ ಅಂಚು 9 ಮಿ.ಮೀ.ನಷ್ಟು ಮಸುಕಾಗಿಯೇ ಇರುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಬೇಡಿ, ಅವರೇ ಕೇಳಲಿ.

ದೆಹಲಿಯಲ್ಲಿ ನೆಂಟರಿದ್ದರೆ ಇನ್ನೂ ಒಂದು ಹೆಜ್ಜೆ ಹೋಗಬಹುದು. ಅದೇ ದಿನ ಅಲ್ಲಿ ನಡುಹಗಲಿನ ನೆರಳನ್ನು ಒಂದು ಮೀಟರ್ ಕೋಲಿನಿಂದ ಅಳೆದರೆ 28 ಸೆಂ.ಮೀ. ಆಸುಪಾಸು ಬರುತ್ತದೆ, ಕೋನ ಸುಮಾರು 15.6 ಡಿಗ್ರಿ. ಎರಡೂ ಊರು ಹತ್ತಿರಹತ್ತಿರ ಒಂದೇ ರೇಖಾಂಶದಲ್ಲಿವೆ, ನಡುವಿನ ದೂರ ಸುಮಾರು 1,740 ಕಿ.ಮೀ. 15.6ಕ್ಕೆ ಅಷ್ಟಾದರೆ 360ಕ್ಕೆ ಎಷ್ಟು? ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂತ ಏಳನೇ ಕ್ಲಾಸಿನ ಹುಡುಗಿ ತಾನೇ ಲೆಕ್ಕ ಹಾಕಿ ಹೇಳಬಹುದು. ಇದನ್ನೇ ಕಲಬುರಗಿಯ ಜೊತೆ ಮಾಡಿದರೆ ಅಲ್ಲಿನ ನೆರಳು ಬರೀ 7.6 ಸೆಂ.ಮೀ.; ಅಳತೆಯಲ್ಲಿ 1 ಸೆಂ.ಮೀ. ತಪ್ಪಿದರೆ ಉತ್ತರ 13 ಶೇಕಡಾ ಆಚೀಚೆ ಹೋಗುತ್ತದೆ. ದೂರದ ಊರು ಆರಿಸುವುದು ಈ ಕಾರಣಕ್ಕೆ.

ಈಗ ಓಪನ್ ಡೇ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಿನ ಒಂದು ಶನಿವಾರ ಭಾರತೀಯ ವಿಜ್ಞಾನ ಸಂಸ್ಥೆ ಬಾಗಿಲು ತೆರೆಯುತ್ತದೆ. ಆವರಣ ಸುಮಾರು 400 ಎಕರೆ, ಎಲ್ಲವನ್ನೂ ನೋಡುತ್ತೇವೆ ಅಂತ ಹೊರಟವರು ನಡೆದು ನಡೆದೇ ಸುಸ್ತಾಗುತ್ತಾರೆ. ಮೂರು ವಿಭಾಗ ಆರಿಸಿಕೊಳ್ಳಿ, ಅವು ಒಂದರ ಪಕ್ಕ ಒಂದು ಇರುವಂತೆ ನಕ್ಷೆ ನೋಡಿ ಆರಿಸಿಕೊಳ್ಳಿ. ಹೈವೋಲ್ಟೇಜ್ ಪ್ರಯೋಗಾಲಯದ ಕೃತಕ ಮಿಂಚಿಗೆ ಸಾಲು ಉದ್ದ, ಅದು ಬೇಕಿದ್ದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಅಲ್ಲಿಗೇ ಹೋಗಬೇಕು. ಕಾರು ಮನೆಯಲ್ಲೇ ಇರಲಿ. ಯಶವಂತಪುರ ಅಥವಾ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದವರೆಗೆ ಮೆಟ್ರೋ, ಮುಂದೆ ಆಟೋ. ಜನ ಸೇರಿದ ಹಾಗೆ ಫೋನಿನ ಸಿಗ್ನಲ್ ಕೈಕೊಡುತ್ತದೆ, ತಪ್ಪಿಸಿಕೊಂಡರೆ ಮುಖ್ಯ ಕಟ್ಟಡದ ಮುಂದಿನ ಟಾಟಾ ಪ್ರತಿಮೆಯ ಹತ್ತಿರ ಸೇರುವುದು ಅಂತ ಮಕ್ಕಳಿಗೆ ಒಳಗೆ ಹೋಗುವಾಗಲೇ ಹೇಳಿಡಿ.

ಅಲ್ಲಿ ಪ್ರಯೋಗ ನೋಡಿ ಚಪ್ಪಾಳೆ ತಟ್ಟಿ ಮುಂದೆ ಹೋಗುವುದಕ್ಕಿಂತ ಮೇಜಿನ ಹಿಂದೆ ನಿಂತ ಸಂಶೋಧನಾ ವಿದ್ಯಾರ್ಥಿಯನ್ನು ಮಾತಾಡಿಸಿ. ದ್ರವ ಸಾರಜನಕವನ್ನು ಸುರಿದಾಗ ಏಳುವ ಬಿಳಿ ಹೊಗೆ ಏನು ಅಂತ ಕೇಳಿ. ಸಾರಜನಕಕ್ಕೆ ಬಣ್ಣವಿಲ್ಲ. ಮೈನಸ್ 196 ಡಿಗ್ರಿಯ ಚಳಿಗೆ ಸುತ್ತಲಿನ ಗಾಳಿಯ ತೇವ ಹನಿಗಟ್ಟಿ ಕಾಣುವುದು ಅದು. ನಮ್ಮ ಡಿಸೆಂಬರ್ ಬೆಳಗಿನ ಮಂಜೂ ಇದೇ ಕೆಲಸ.

ದೂರದರ್ಶಕದಲ್ಲಿ ಆಕಾಶ ತೋರಿಸುವ ಕಾರ್ಯಕ್ರಮಗಳಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಚಂದ್ರನನ್ನು ನೋಡುವುದಾದರೆ ಹುಣ್ಣಿಮೆ ಬೇಡ, ಶುಕ್ಲಪಕ್ಷದ ಸಪ್ತಮಿ–ಅಷ್ಟಮಿಯ ಆಸುಪಾಸು ಇರಲಿ. ಬೆಳಕು ಓರೆಯಾಗಿ ಬಿದ್ದು ಕುಳಿಗಳ ನೆರಳು ಎದ್ದು ಕಾಣುತ್ತದೆ. ಮೋಟಾರು ಇಲ್ಲದ ದೂರದರ್ಶಕದಲ್ಲಿ, 100 ಪಟ್ಟು ಹಿಗ್ಗಿಸಿದಾಗ ಕಾಣುವುದು ಸುಮಾರು ಅರ್ಧ ಡಿಗ್ರಿ ಆಕಾಶ. ಭೂಮಿ ತಿರುಗುವುದರಿಂದ ಶನಿ ಅದರೊಳಗಿಂದ ಎರಡೇ ನಿಮಿಷದಲ್ಲಿ ದಾಟಿಹೋಗುತ್ತದೆ. ಸಾಲಿನಲ್ಲಿ ಮೂರನೆಯವರಿಗೆ ‘ಏನೂ ಕಾಣ್ತಿಲ್ಲ’ ಅನ್ನಿಸುವುದು ಇದರಿಂದ. ಹೇಳಿಬಿಡಿ, ಸರಿಮಾಡಿಕೊಡುತ್ತಾರೆ. ಕಣ್ಣಿಟ್ಟು ನೋಡುವ ಭಾಗವಾದ ಐಪೀಸನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ.

ಇನ್ನು, ನಿಮ್ಮ ಬಡಾವಣೆಯಲ್ಲೋ ಶಾಲೆಯಲ್ಲೋ ನೀವೇ ಒಂದು ಕನ್ನಡ ಉಪನ್ಯಾಸ ಏರ್ಪಡಿಸುವುದಾದರೆ: 40 ನಿಮಿಷ ಮಾತು, 30 ನಿಮಿಷ ಪ್ರಶ್ನೆ. ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಶಾಲು, ವಂದನಾರ್ಪಣೆ ಎಲ್ಲ ಸೇರಿದರೆ ಅರ್ಧ ಗಂಟೆ ಹೋಗುತ್ತದೆ, ಹೋಗುವುದು ಪ್ರಶ್ನೆಯ ಪಾಲಿನಿಂದಲೇ. ಸನ್ಮಾನ ಮಾಡಲೇಬೇಕಿದ್ದರೆ ಕೊನೆಯಲ್ಲಿ ಮಾಡಿ, ಪರಿಚಯ ಎರಡು ನಿಮಿಷ ಮೀರದಿರಲಿ. ಭಾಷಣಕಾರರ ಲ್ಯಾಪ್‌ಟಾಪಿಗೆ ಯಾವ ಕೇಬಲ್ ಬೇಕು ಅಂತ ಹಿಂದಿನ ದಿನವೇ ಕೇಳಿ, ಸ್ಲೈಡುಗಳ ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿ ತರಿಸಿ. ಬೇರೆ ಕಂಪ್ಯೂಟರಿಗೆ ಹಾಕಿದಾಗ ಕನ್ನಡ ಫಾಂಟು ಒಡೆದು ಬರೀ ಚೌಕಗಳು ಕಾಣುವುದು ಪದೇ ಪದೇ ಆಗುವ ಅನಾಹುತ, ಪಿಡಿಎಫ್‌ನಲ್ಲಿ ಅದು ಆಗುವುದಿಲ್ಲ.

ಭಾಷಣಕಾರರ ಜೊತೆ ಪದಗಳ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಿ. ನಾವು ಮನೆಯಲ್ಲಿ ಎಲ್ಲದಕ್ಕೂ ಶಕ್ತಿ ಅನ್ನುತ್ತೇವೆ. ಪಠ್ಯದಲ್ಲಿ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ವೇಗಕ್ಕೆ ದಿಕ್ಕಿದೆ, ಜವಕ್ಕಿಲ್ಲ. ಈ ಪದಗಳನ್ನು ಹೇಗೆ ಬಳಸುತ್ತೇವೆ ಅಂತ ಮೊದಲ ಐದು ನಿಮಿಷದಲ್ಲಿ ಹೇಳಿಬಿಟ್ಟರೆ ಮುಂದಿನ ಗೊಂದಲ ಇರುವುದಿಲ್ಲ. ಎಲೆಕ್ಟ್ರಾನ್, ಲೇಸರ್, ಡಿಎನ್ಎ ಹಾಗೇ ಇರಲಿ.

ಮೈಕು ಎರಡು ಬೇಕು, ಒಂದು ಭಾಷಣಕಾರರಿಗೆ, ಇನ್ನೊಂದು ಸಭೆಯೊಳಗೆ ಓಡಾಡಲು. ಎರಡನೆಯದನ್ನು ಮೊದಲು ಹಿಂದಿನ ಸಾಲಿಗೆ, ಅದರಲ್ಲೂ ಹೈಸ್ಕೂಲು ಮಕ್ಕಳಿದ್ದರೆ ಅವರ ಕೈಗೆ ಕೊಡಿ. ದೊಡ್ಡವರು ಶುರುಮಾಡಿದರೆ ಮಕ್ಕಳು ಕೈ ಇಳಿಸಿಬಿಡುತ್ತಾರೆ.