ಪರವಾನಗಿ ಬಂತು

ಪರೀಕ್ಷೆಯನ್ನೂ ಹಿರಿಯ ಸರ್ವೇಯರೊಬ್ಬರ ಬಳಿ 12 ತಿಂಗಳ ತರಬೇತಿಯನ್ನೂ ಮುಗಿಸಿದ ಮೇಲೆ, ವಿಮಾ ಸರ್ವೇಯರ್ ಮತ್ತು ನಷ್ಟ ಅಂದಾಜುಗಾರನಾಗಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನೀಡುವ ಪರವಾನಗಿ ಇಂದು ಕೈಸೇರಿತು. 1938ರ ವಿಮಾ ಕಾಯ್ದೆಯಲ್ಲಿ ಸರ್ವೇಯರುಗಳ ಕುರಿತಾದ 64ಯುಎಂ ಸೆಕ್ಷನ್ ಬಾಯಿಪಾಠವಾಗಿತ್ತಾದರೂ, ಕೆಲಸ ಅರ್ಥವಾದದ್ದು ಕಳೆದ ಮಳೆಗಾಲದಲ್ಲಿ, ತೀರ್ಥಹಳ್ಳಿ ಕಡೆಯ ಅಡಿಕೆ ಗೋದಾಮೊಂದರಲ್ಲಿ. ಗಾಳಿಗೆ ಹೆಂಚು ಹಾರಿ ನೀರು ನುಗ್ಗಿತ್ತು. ಗುರುಗಳು ಮೇಲಿನ ಚೀಲಗಳನ್ನು ಬಿಟ್ಟು ಅಡಿಸಾಲಿನದನ್ನೇ ಬಿಚ್ಚಿಸಿ, ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬೂಷ್ಟನ್ನು ತೋರಿಸಿ, ಇದು ಈ ವಾರದ ನೀರೋ ಹಳೆಯ ತೇವವೋ ಎಂದು ಕೇಳಿದರು. ತೋಟದ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ (ನಾಚಿಕೆಯ ಮಾತು) ಉತ್ತರ ಹೊಳೆಯಲಿಲ್ಲ. ಹೇಳಿಕೊಟ್ಟವರು ಪಕ್ಕದಲ್ಲಿ ನಿಂತಿದ್ದ ಹಮಾಲರು. ನನ್ನದೇ ಸಹಿಯ ಮೊದಲ ವರದಿಗೆ ಇನ್ನೂ ಕರೆ ಬಂದಿಲ್ಲ. ಅಳತೆ ಟೇಪಿನ ಜೊತೆಗೆ ಅಜ್ಜಿಯ ಅಡಕತ್ತರಿಯೂ ಈಗ ಚೀಲದಲ್ಲಿದೆ.