ಇಂಡಿಯಾ ಹುಡುಕಿಕೊಂಡು ಬಂದವರ ಊರಿನಲ್ಲಿ

ಸಾಂತೊ ಡೊಮಿಂಗೊ ವಿಮಾನ ನಿಲ್ದಾಣದಿಂದ ಹೊರಟ ಟ್ಯಾಕ್ಸಿಯಲ್ಲಿ ಡ್ರೈವರ್ ಯಾವ ಊರು ಎಂದು ಕೇಳಿದ. ಮೊಬೈಲ್ ನೋಡಿ ಕಲಿತ ಎರಡು ವಾರದ ಸ್ಪ್ಯಾನಿಷ್‌ನಲ್ಲಿ, ಧೈರ್ಯವಾಗಿ, "ನಾನು ಇಂದಿಯೊ" ಅಂದೆ. ಅವನು ಜೋರಾಗಿ ನಕ್ಕು ತನ್ನ ಮೊಣಕೈ ತೋರಿಸಿದ. "ನಾನೂ ಇಂದಿಯೊನೇ!"

ಸಾಂತೊ ಡೊಮಿಂಗೊ ರಾಜಧಾನಿಯಾಗಿರುವ ಕೆರಿಬಿಯನ್ ದ್ವೀಪದ ದೇಶ ಡೊಮಿನಿಕನ್ ಗಣರಾಜ್ಯದಲ್ಲಿ ಇಂದಿಯೊ ಅಂದರೆ ಒಂದು ಮೈಬಣ್ಣ. ನಮ್ಮಲ್ಲಿ ಗೋಧಿ ಬಣ್ಣ ಅನ್ನುತ್ತೇವಲ್ಲ, ಹಾಗೆ. ಹಿಂದೆ ಗುರುತಿನ ಚೀಟಿಯಲ್ಲೂ ಹಾಗೇ ಬರೆಯುತ್ತಿದ್ದರಂತೆ. ಭಾರತದಿಂದ ಬಂದವರು ಯಾವ ಧರ್ಮದವರಾದರೂ ಅವರಿಗೆ 'ಇಂದೂ'. ಈ ಗೊಂದಲಕ್ಕೆಲ್ಲ ಕಾರಣ 1492ರಲ್ಲಿ ನಮ್ಮ ಕಡೆ ಬರುತ್ತೇನೆಂದು ಹೊರಟು ಈ ದ್ವೀಪಕ್ಕೆ ಬಂದಿಳಿದ ಕೊಲಂಬಸ್. ಅವನ ತಮ್ಮ ಬಾರ್ತೊಲೊಮಿಯೊ ಒಸಾಮಾ ನದಿಯ ಪೂರ್ವ ದಂಡೆಯಲ್ಲಿ ಊರು ಕಟ್ಟಿದ. ಚಂಡಮಾರುತ ಅದನ್ನು ಹಾಳು ಮಾಡಿತು. 1502ರಲ್ಲಿ ಬಂದ ಗವರ್ನರ್ ನಿಕೊಲಾಸ್ ದೆ ಓವಾಂಡೊ ಊರನ್ನು ಪಶ್ಚಿಮ ದಂಡೆಗೆ ತಂದ. ಆ ಹಳೇ ಪೇಟೆಯೇ ಈಗ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ.

ಬೆಳಗ್ಗೆ ಏಳಕ್ಕೇ ಲಾಸ್ ದಾಮಾಸ್ ಬೀದಿಗೆ ಹೋದೆ. ದಾಮಾಸ್ ಅಂದರೆ ಹೆಂಗಸರು. ಕೊಲಂಬಸ್‌ನ ಮಗ ದಿಯೆಗೊ ಇಲ್ಲಿ ಗವರ್ನರ್ ಆಗಿದ್ದಾಗ ಅವನ ಹೆಂಡತಿ ಮರಿಯಾ ತನ್ನ ಸಖಿಯರ ಜೊತೆ ಸಂಜೆ ಇಲ್ಲಿ ಓಡಾಡುತ್ತಿದ್ದಳಂತೆ. ಅಮೆರಿಕ ಖಂಡದಲ್ಲಿ ಯುರೋಪಿನವರು ಕಲ್ಲು ಹಾಸಿದ ಮೊದಲ ಬೀದಿ ಇದು. ಈ ಊರಿನಲ್ಲಿ 'ಮೊದಲ' ಅನ್ನೋದು ಜಾಸ್ತಿ. ಮೊದಲ ಕೆಥೆಡ್ರಲ್, ಮೊದಲ ಆಸ್ಪತ್ರೆ, ಮೊದಲ ಕೋಟೆ. ಮೂರನೆಯ ಫಲಕದ ಹೊತ್ತಿಗೆ ನಾನು ಓದುವುದನ್ನೇ ಬಿಟ್ಟೆ.

ಕಲ್ಲು ಮಾತ್ರ ನೋಡುತ್ತಲೇ ಇದ್ದೆ. ಗೋಡೆಗಳೆಲ್ಲ ಹವಳದ ಸುಣ್ಣಕಲ್ಲು. ತುಂಬ ತೂತು. ನಮ್ಮ ಕುಮಟಾದ ಮನೆಯ ಚಿರೆಕಲ್ಲಿನಂತೆಯೇ, ಆದರೆ ಕೆಂಪಲ್ಲ, ಬೆಲ್ಲ ಹಾಕಿದ ಹಾಲಿನ ಬಣ್ಣ. ಹತ್ತಿರ ಬಗ್ಗಿದರೆ ಅಲ್ಲಲ್ಲಿ ಸಮುದ್ರದ ಚಿಪ್ಪಿನ ಗುರುತು ಕಾಣುತ್ತದೆ. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಊರಿಗೆ ನುಗ್ಗಿ ಸುಮಾರು ಒಂದು ತಿಂಗಳು ಕೂತು ಲೂಟಿ ಮಾಡಿದ. ದಿನಾ ಒಂದಷ್ಟು ಮನೆ ಸುಡುತ್ತ ಬಂದು, ಕಡೆಗೆ 25,000 ಡಕಾಟ್ (ಆಗಿನ ಯುರೋಪಿನ ನಾಣ್ಯ) ಕಿತ್ತುಕೊಂಡೇ ಹೋದ. ಗಟ್ಟಿ ಕಲ್ಲಿನ ಮನೆಗಳನ್ನು ಕೆಡವೋದು ಅವನ ಜನಕ್ಕೆ ಸುಲಭವಾಗಲಿಲ್ಲವಂತೆ. ಗೋಡೆ ಮುಟ್ಟಿದರೆ ನಂಬಬಹುದು.

ಕೆಥೆಡ್ರಲ್ ಎದುರಿನ ಚೌಕದಲ್ಲಿ ಕೊಲಂಬಸ್ ಬೆರಳು ಚಾಚಿ ನಿಂತಿದ್ದಾನೆ. 1887ರ ಕಂಚಿನ ಪ್ರತಿಮೆ. ಕೆಳಗೆ ಪೀಠಕ್ಕೆ ಒರಗಿಕೊಂಡು, ಅವನ ಹೆಸರು ಬರೆಯುತ್ತಿರುವ ಹೆಂಗಸು ಅನಕಾವೊನಾ. ಇಲ್ಲಿನ ಮೂಲನಿವಾಸಿ ಟೈನೊ ಜನರ ರಾಣಿ. ಅವಳನ್ನು ಗಲ್ಲಿಗೇರಿಸಿದ್ದು ಇದೇ ಓವಾಂಡೊ. ಅವನ ಹಳೇ ಮನೆಯೀಗ ಅವನದೇ ಹೆಸರಿನ ದುಬಾರಿ ಹೋಟೆಲ್. ಅವಳಿಗೆ ಸಿಕ್ಕಿದ್ದು ಈ ಬರೆಯುವ ಕೆಲಸ. ಪ್ರವಾಸಿಗಳು ಪಾರಿವಾಳದ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಮನಸ್ಸಾಗಲಿಲ್ಲ.

ನದಿಯ ಆಚೆ ಕೊಲಂಬಸ್ ದೀಪಸ್ತಂಭ. 500 ವರ್ಷದ ನೆನಪಿಗೆ 1992ರಲ್ಲಿ ಉದ್ಘಾಟಿಸಿದ, ಶಿಲುಬೆಯ ಆಕಾರದ ದೊಡ್ಡ ಕಾಂಕ್ರೀಟ್ ರಾಶಿ. ಜಾಗಕ್ಕಾಗಿ ಬಡವರ ಮನೆಗಳನ್ನು ಎಬ್ಬಿಸಿದ್ದರು. ಅವನ ಮೂಳೆ ಇಲ್ಲಿದೆ ಎಂದು ಇವರು, ನಮ್ಮಲ್ಲಿದೆ ಎಂದು ಸ್ಪೇನಿನ ಸೆವಿಲ್ ಊರಿನವರು. ದೀಪ ಹಚ್ಚಿದರೆ ಸುತ್ತಲಿನ ಬಡಾವಣೆಗಳ ಕರೆಂಟ್ ಹೋಗುತ್ತದೆ ಅನ್ನೋದು ಇಲ್ಲಿನ ಹಳೇ ಜೋಕು. ನಮ್ಮ ಗೈಡ್ ಅಷ್ಟು ಹೊತ್ತೂ ಅವನ ಹೆಸರು ಹೇಳಲೇ ಇಲ್ಲ. ಬರೀ "ಅಡ್ಮಿರಲ್" ಅನ್ನುತ್ತಿದ್ದರು. ಹೆಸರೆತ್ತಿದರೆ ಅನಿಷ್ಟ ತಟ್ಟುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ರಾತ್ರಿ ಹಾವಿನ ಹೆಸರು ಹೇಳದೆ ಹುಳ ಅನ್ನುವುದಿಲ್ವಾ, ಹಾಗೆ.

ನನಗೆ ಇಷ್ಟವಾದದ್ದು ಸಮುದ್ರದ ಬದಿಯ ಇನ್ನೊಂದು ಪ್ರತಿಮೆ. ಕೈಯನ್ನು ಬಾಯಿಯ ಪಕ್ಕ ಹಿಡಿದು ಕಿರುಚುತ್ತಿರುವ ಪಾದ್ರಿ, ಆಂತೊನಿಯೊ ದೆ ಮೊಂತೆಸಿನೊಸ್. 1511ರ ಡಿಸೆಂಬರ್‌ನಲ್ಲಿ ಈ ಊರಿನ ದೊಡ್ಡ ಮನುಷ್ಯರೆಲ್ಲ ಕೂತಿದ್ದ ಚರ್ಚಿನಲ್ಲಿ, ಟೈನೊಗಳು ಮನುಷ್ಯರಲ್ಲವೇ ಎಂದು ಕೇಳಿದವನು. ದಿಯೆಗೊ ಕೊಲಂಬಸ್ ಕೂಡ ಸಿಟ್ಟಾದ. ಮಾತು ವಾಪಸ್ ತಗೋ ಅಂದರು. ಮುಂದಿನ ಭಾನುವಾರ ಅದನ್ನೇ ಇನ್ನೂ ಖಾರವಾಗಿ ಹೇಳಿದ. ಅಷ್ಟಾದರೂ ಕೆಲವೇ ದಶಕಗಳಲ್ಲಿ ಗಣಿಯ ದುಡಿಮೆ, ಸಿಡುಬು ಎಲ್ಲ ಸೇರಿ ಟೈನೊಗಳಲ್ಲಿ ಬಹುಪಾಲು ಜನ ಸತ್ತುಹೋದರು.

ಸಂಜೆ ತಳ್ಳುಗಾಡಿಯ ಹತ್ತಿರ ನಿಂತೆ. ಪಕ್ಕದ ಅಂಗಡಿಯಲ್ಲಿ ಬಚಾತಾ ಹಾಡು, ಜಗಲಿಯಲ್ಲಿ ಡಾಮಿನೊ ಆಡುವವರ ಗಲಾಟೆ. ಗಾಡಿಯ ತುಂಬ ಗೆಣಸು. ಇದೇನು ಎಂದು ಸುಮ್ನೆ ಕೇಳಿದೆ. "ಬತಾತಾ" ಅಂದರು ಗಾಡಿಯ ಹೆಂಗಸು. ನಮ್ಮ ಅಜ್ಜಿ ಆಲೂಗಡ್ಡೆಗೆ ಕೊನೆಯವರೆಗೂ ಬಟಾಟೆ ಎಂದೇ ಅನ್ನುತ್ತಿದ್ದರು. ಟೈನೊಗಳ ಆ ಮಾತನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದಿಳಿಸಿದ್ದರು. ದಾರಿಯಲ್ಲಿ ಗೆಣಸು ಹೋಗಿ ಆಲೂಗಡ್ಡೆ ಬಂದಿದೆ, ಅಷ್ಟೇ.

ಹುರುಪಿನಲ್ಲಿ ಪಕ್ಕದ ಹಣ್ಣು ತೋರಿಸಿ "ಪಪಾಯಾ" ಅಂದೆ. ಅದೂ ಕೆರಿಬಿಯನ್ ಮೂಲದ್ದೇ ಮಾತು ಅಲ್ವಾ, ಇಲ್ಲಾದರೂ ತಪ್ಪಾಗಲಿಕ್ಕಿಲ್ಲ. ಆಕೆ ತಲೆ ಅಲ್ಲಾಡಿಸಿದರು. "ಲೆಚೊಸಾ." ಎರಡು ಹೋಳು ಕೊಡಿ ಅಕ್ಕಾ ಎಂದು ಕನ್ನಡದಲ್ಲೇ ಹೇಳಿ ಬೆರಳು ತೋರಿಸಿದೆ. ಸರಿಯಾಗಿ ಎರಡೇ ಕೊಟ್ಟರು.